ಬಟ್ಟೆಯ ಮೇಲೆ ಹೊಲಿದ ಕೀಬೋರ್ಡ್

ಶಾಲೆಗಳಿಗೆ ಹೊಸದಾಗಿ ಕಂಪ್ಯೂಟರ್ ಕಲಿಸಲು ಬರುವವರಿಗೆ ನಾಲ್ಕು ಮಾತು ಬರೆದುಕೊಡಿ ಎಂದು ಹಿರೇಹಳ್ಳಿ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯ ಮುಖ್ಯೋಪಾಧ್ಯಾಯಿನಿ ಕೇಳಿದ್ದಾರೆ. ಎರಡು ಸಲ ಬರೆದೆ. ಎರಡರಲ್ಲೂ ನಾನು ಬಹಳ ಒಳ್ಳೆಯವಳಾಗಿ ಕಾಣುತ್ತಿದ್ದೆ. ಹರಿದು ಹಾಕಿದೆ. ಇದು ಮೂರನೆಯದು.

ಮೊದಲು ಒಂದು ವಿಷಯ ಹೇಳಿಬಿಡುತ್ತೇನೆ. ನಾನು ಕಂಪ್ಯೂಟರ್ ಟೀಚರ್ ಆಗಿ ಸೇರಿದವಳಲ್ಲ. ನನ್ನ ನೇಮಕದ ಆದೇಶದಲ್ಲಿ ಇರುವುದು ಹೊಲಿಗೆ ಶಿಕ್ಷಕಿ ಎಂದು. ಗುಬ್ಬಿ, ಕುಣಿಗಲ್, ತುಮಕೂರು ಮೂರೂ ಕಡೆ ಮಕ್ಕಳು ನನ್ನನ್ನು ಕರೆದದ್ದು ‘ಹೊಲಿಗೆ ಮಿಸ್’ ಎಂದೇ. ಕೊನೆಯ ಹನ್ನೆರಡು ಹದಿಮೂರು ವರ್ಷ ನಾನು ಸೂಜಿ ಮುಟ್ಟದಿದ್ದರೂ ಆ ಹೆಸರು ಹೋಗಲಿಲ್ಲ.

ಪರೀಕ್ಷೆಯಲ್ಲಿ ಅಂಕವಿಲ್ಲದ ವಿಷಯದ ಮೇಷ್ಟ್ರಿಗೆ ಶಾಲೆಯಲ್ಲಿ ನಿಜವಾದ ಕೆಲಸ ಒಂದೇ. ಪೀರಿಯಡ್ ಕೊಡುವುದು. ವೇಳಾಪಟ್ಟಿಯಲ್ಲಿ ವಾರಕ್ಕೆ ಎರಡು ಸಲ ನನ್ನ ಹೆಸರು ಇರುತ್ತಿತ್ತು. ದಸರಾ ರಜೆ ಕಳೆದು ಬಂದ ಕೂಡಲೇ ಸ್ಟಾಫ್ ರೂಮಿನಲ್ಲಿ ಶುರುವಾಗುತ್ತಿತ್ತು: “ಮೇಡಮ್ಮೋರೆ, ಇವತ್ತು ನಿಮ್ ಪೀರಿಯಡ್ ನಂಗ್ ಕೊಟ್ಬಿಡಿ, ಪೋರ್ಷನ್ ಮುಗೀತಿಲ್ಲ.” ಕೊಡುತ್ತಿದ್ದೆ. ಕೊಡದಿದ್ದರೆ ಮಕ್ಕಳು ಗಣಿತದಲ್ಲಿ ಫೇಲಾದದ್ದು ನನ್ನಿಂದಲೇ ಎಂದಾಗುತ್ತಿತ್ತು. ತೆಗೆದುಕೊಂಡ ಪೀರಿಯಡ್ ಯಾರೂ ಹಿಂದಿರುಗಿಸಿದ್ದಿಲ್ಲ, ನಾನೂ ಕೇಳಿದ್ದಿಲ್ಲ. ವರ್ಷದ ಕೊನೆಗೆ ಎಲ್ಲರ ಹೆಸರಿನ ಮುಂದೆ ದರ್ಜೆ ಬರೆಯುತ್ತಿದ್ದೆ. ನಡೆಯದ ಪಾಠಕ್ಕೆ ‘ಎ’. ಹಾಜರಿ ಕಡಿಮೆ ಇದ್ದರೆ ‘ಬಿ’. ಈ ಬರೆಯುವ ಕೆಲಸಕ್ಕೆ ಇಡೀ ಒಂದು ದಿನ ಹಿಡಿಯುತ್ತಿತ್ತು, ಅವತ್ತು ಮಾತ್ರ ನನ್ನ ಪೀರಿಯಡ್ ಯಾರೂ ಕೇಳುತ್ತಿರಲಿಲ್ಲ.

ಗುಬ್ಬಿಯಲ್ಲಿ ನಾನು ಹೀಗಿರಲಿಲ್ಲ. ಅಲ್ಲಿ ನನ್ನ ಕೋಣೆಯಲ್ಲಿ ಎರಡು ಹೊಲಿಗೆ ಯಂತ್ರಗಳಿದ್ದವು, ಹೊಸದಾಗಿ ಸೇರಿದ್ದ ನನಗೆ ಉತ್ಸಾಹವಿತ್ತು. ಹುಡುಗಿಯರಿಗೆ ಲಂಗ ಹೊಲಿಯಲು ಕಲಿಸುವ ಮೊದಲು ಯಂತ್ರ ಬಿಚ್ಚಲು ಕಲಿಸಿದೆ. ನೆಲಕ್ಕೆ ನ್ಯೂಸ್ ಪೇಪರ್ ಹಾಸಿ, ಬಿಚ್ಚಿದ ಒಂದೊಂದು ಭಾಗವನ್ನೂ ಬಿಚ್ಚಿದ ಕ್ರಮದಲ್ಲೇ ಇಡಿಸಿ, ಸೀಮೆಎಣ್ಣೆಯಲ್ಲಿ ಒರೆಸಿ ಮತ್ತೆ ಜೋಡಿಸುವುದು. ಜೋಡಿಸಿದ ಮೇಲೆ ಯಂತ್ರ ಓಡಿದರೆ ಹುಡುಗಿಯರು ಕಿರುಚುವುದು ಪಕ್ಕದ ತರಗತಿಗೆ ಕೇಳಿಸುತ್ತಿತ್ತು.

ಒಂದು ದಿನ ಹೀಗೆ ಬಿಚ್ಚಿಟ್ಟಿದ್ದಾಗಲೇ ತಪಾಸಣೆಗೆ ಸಾಹೇಬರು ಬಂದರು. ನಾವೆಲ್ಲ ಎದ್ದು ನಿಂತ ಗಡಿಬಿಡಿಯಲ್ಲಿ ದಾರ ಬಿಗಿಹಿಡಿಯುವ ಸಣ್ಣ ಸ್ಪ್ರಿಂಗ್ ಎಲ್ಲೋ ಹಾರಿಹೋಯಿತು. ಸಾಹೇಬರ ಎದುರಿಗೆ ಹನ್ನೆರಡು ಹುಡುಗಿಯರು ನೆಲದ ಮೇಲೆ ಮೊಣಕಾಲೂರಿ ಹುಡುಕಿದರು. ಸಿಗಲಿಲ್ಲ.

“ಯಂತ್ರ ಬಿಚ್ಚೋದು ಸಿಲಬಸ್‌ನಲ್ಲಿದೆಯೇನಮ್ಮ?” ಎಂದರು ಸಾಹೇಬರು.

“ಇಲ್ಲ ಸಾರ್. ಕೆಟ್ಟರೆ ಸರಿಮಾಡ್ಕೋಬೇಕಲ್ಲ ಅಂತ...”

“ನೀವು ಬಿಚ್ಚದೇ ಇದ್ರೆ ಅದು ಯಾಕ್ ಕೆಡುತ್ತೆ?”

ಎಲ್ಲರೂ ನಕ್ಕರು. ನಾನೂ ನಕ್ಕೆ ಅನ್ನಿಸುತ್ತದೆ. ಹದಿನೈದು ದಿನಕ್ಕೆ ಕಾರಣ ಕೇಳುವ ಪತ್ರ ಬಂತು. ಸರ್ಕಾರಿ ಸ್ವತ್ತಿಗೆ ಹಾನಿ. ನನ್ನ ಕೈಬರಹದಲ್ಲಿ ಉತ್ತರ ಬರೆದುಕೊಟ್ಟೆ: ಇನ್ನು ಮುಂದೆ ಹೀಗಾಗದಂತೆ ನೋಡಿಕೊಳ್ಳುತ್ತೇನೆ. ಆ ಒಂದು ವಾಕ್ಯವನ್ನು ನಾನು ನಿವೃತ್ತಿಯವರೆಗೂ ಪಾಲಿಸಿದೆ.

ಕುಣಿಗಲ್ ತಾಲ್ಲೂಕಿಗೆ, ಮಾರ್ಕೋನಹಳ್ಳಿ ಕಡೆಯ ಒಂದು ಊರಿನ ಶಾಲೆಗೆ ವರ್ಗವಾಗಿ ಹೋದಾಗ ನನಗೆ ನಲವತ್ತು ಮುಟ್ಟಿತ್ತು. ಅಲ್ಲಿಗೆ ಐದು ಕಂಪ್ಯೂಟರ್ ಬಂದವು. ಅವುಗಳ ಜೊತೆ ಬಂದಿದ್ದ ಗುತ್ತಿಗೆಯ ಹುಡುಗ ಮೂರು ತಿಂಗಳಿಗೆ ಬೇರೆ ಕೆಲಸ ಸಿಕ್ಕಿ ಹೋದ. ಹೆಡ್‌ಮಾಸ್ಟ್ರು ನನ್ನನ್ನು ಕರೆದರು.

“ಮೇಡಂ, ಈ ಕಂಪ್ಯೂಟರ್ ಜವಾಬ್ದಾರಿ ನೀವು ತಗೊಳ್ಳಿ.”

“ನಂಗೇನು ಗೊತ್ತು ಸಾರ್ ಅದರಲ್ಲಿ?”

“ಯಾರಿಗೆ ಗೊತ್ತು? ಬಿಡುವಾಗಿರೋದು ನೀವೇ ತಾನೆ? ಹೊಲಿಗೆ ಮಿಷಿನ್ ನೋಡಿದೀರಿ. ಇದೂ ಮಿಷಿನ್ನೇ.”

ತುಮಕೂರಿನಲ್ಲಿ ಹತ್ತು ದಿನದ ತರಬೇತಿ. ಒಂದು ಕಂಪ್ಯೂಟರಿಗೆ ಮೂರು ಜನ. ನನ್ನ ಗುಂಪಿನಲ್ಲಿ ಇಬ್ಬರು ವಿಜ್ಞಾನದ ಮೇಷ್ಟ್ರುಗಳಿದ್ದರು, ಅವರು ಕೀಬೋರ್ಡ್ ಬಿಡಲಿಲ್ಲ. ನಾನು ಅವರ ಭುಜದ ಮೇಲಿಂದ ಇಣುಕಿ ನೋಟ್ಸ್ ಬರೆದುಕೊಂಡೆ. ಇಡೀ ಹತ್ತು ದಿನದಲ್ಲಿ ನನ್ನ ಬೆರಳು ಅದಕ್ಕೆ ತಾಕಿದ್ದು ಎಷ್ಟು ಸಲ ಎಂದು ಈಗ ಹೇಳಲಾರೆ. ತಾಕಿತ್ತೇ ಎಂಬುದೂ ಗೊತ್ತಿಲ್ಲ.

ಕಂಪ್ಯೂಟರ್ ಕೋಣೆಗೆ ಬೀಗ. ಒಳಗೆ ಹೋಗುವವರು ಚಪ್ಪಲಿ ಹೊರಗೆ ಬಿಡಬೇಕು. ಒಂದೊಂದಕ್ಕೂ ಪ್ಲಾಸ್ಟಿಕ್ ಹೊದಿಕೆ. ಮಕ್ಕಳು ಅವುಗಳನ್ನು ಹತ್ತಿರದಿಂದ ಕಂಡದ್ದು ವರ್ಷಕ್ಕೊಮ್ಮೆ, ಆಯುಧಪೂಜೆಯ ಹಿಂದಿನ ದಿನ. ಅವತ್ತು ಹೊದಿಕೆ ತೆಗೆದು, ಒರೆಸಿ, ವಿಭೂತಿ ಬಳಿದು, ಕುಂಕುಮ ಇಟ್ಟು, ಸೇವಂತಿಗೆ ಹಾಕಿ ಮಂಗಳಾರತಿ ಮಾಡುತ್ತಿದ್ದೆವು. ಮಕ್ಕಳು ಸಾಲಾಗಿ ಬಂದು ಕೈಮುಗಿದು ಹೋಗುತ್ತಿದ್ದರು. ಇದು ತಪ್ಪು ಎಂದು ಆಗ ನನಗೆ ಅನ್ನಿಸಿತ್ತು ಎಂದು ಬರೆಯಲು ಆಸೆಯಾಗುತ್ತಿದೆ. ಅನ್ನಿಸಿರಲಿಲ್ಲ. ಯಾವುದೂ ಕೆಡಲಿಲ್ಲ ಎಂದು ನೆಮ್ಮದಿಯಾಗಿತ್ತು.

ಆದರೆ ಕಲಿಸಬೇಕಿತ್ತು. ಆಗ ನನಗೆ ಹೊಳೆದದ್ದನ್ನು ಬಹಳ ವರ್ಷ ನನ್ನ ಜಾಣತನ ಎಂದುಕೊಂಡಿದ್ದೆ. ಹುಡುಗಿಯರಿಂದ ಒಂದೊಂದು ಮೊಳ ಬಿಳಿ ಬಟ್ಟೆ ತರಿಸಿ, ಅದರ ಮೇಲೆ ಕೀಬೋರ್ಡ್ ಹೊಲಿಸಿದೆ. ಚೌಕಗಳಿಗೆ ಸರಪಳಿ ಹೊಲಿಗೆ, ಅಕ್ಷರಗಳಿಗೆ ಕೆಂಪು ದಾರ. ಡೆಸ್ಕಿನ ಮೇಲೆ ಬಟ್ಟೆ ಹಾಸಿಕೊಂಡು ಕೂರುತ್ತಿದ್ದರು. ನಾನು ಒಂದು ಅಕ್ಷರ ಕೂಗಬೇಕು, ಅವರು ಅದರ ಮೇಲೆ ಸರಿಯಾದ ಬೆರಳು ಇಟ್ಟು ಒತ್ತಿ ಹಿಡಿಯಬೇಕು, ನಾನು ಸಾಲುಗಳ ನಡುವೆ ಓಡಾಡಿ ನೋಡಬೇಕು, ಆಮೇಲೆ ಮುಂದಿನ ಅಕ್ಷರ. ಬೆರಳು ತೆಗೆದುಬಿಟ್ಟರೆ ಯಾರು ಎಲ್ಲಿ ಇಟ್ಟಿದ್ದರೆಂದು ನನಗೆ ತಿಳಿಯುತ್ತಿರಲಿಲ್ಲ. ಅದಕ್ಕೇ ಗದರುತ್ತಿದ್ದೆ: “ನಾನು ಹೇಳೋವರ್ಗೂ ಬೆರಳು ತೆಗೀಬೇಡ್ರೇ!”

ನೋಡಲು ಬಂದ ಅಧಿಕಾರಿಗಳು ಮೆಚ್ಚಿದರು. ಹುಡುಗರು ಹಾಸ್ಯ ಮಾಡಿದರು. “ಲೇ ಗಂಗಿ, ನಿನ್ ಕಂಪ್ಯೂಟ್ರು ಒಗೆಯಾಕ್ ಹಾಕ್ಬೇಡ ಕಣೇ, ಬಣ್ಣ ಬುಟ್ಕೊಂತದೆ!”

ಗಂಗಿ ಎಂದರೆ ಸಿದ್ದಗಂಗಮ್ಮ. ಹತ್ತನೆಯ ತರಗತಿ. ತೆಂಗಿನ ತೋಟದಲ್ಲಿ ಕೂಲಿ ಮಾಡುವವರ ಮಗಳು. ಇಡೀ ತರಗತಿಯಲ್ಲಿ ಬಟ್ಟೆ ನೋಡದೆ ಬೆರಳು ಇಡುತ್ತಿದ್ದವಳು ಅವಳೊಬ್ಬಳೇ. ಕಣ್ಣು ಮುಚ್ಚಿಕೊಂಡು ತನ್ನ ಹೆಸರಿನ ಹದಿಮೂರು ಅಕ್ಷರಗಳ ಮೇಲೂ ಸರಿಯಾಗಿ ಬೆರಳಿಡುತ್ತಿದ್ದಳು. ಹಿರೇಹಳ್ಳಿಯ ಕಾರ್ಖಾನೆಗಳಲ್ಲಿ ಕಂಪ್ಯೂಟರ್ ಮುಂದೆ ಕೂರುವ ಕೆಲಸ ಇದೆ ಎಂದು ಅವಳ ಸೋದರಮಾವ ಹೇಳಿದ್ದನಂತೆ. ದಿನಾ ಹಿಂದೆ ಬೀಳುತ್ತಿದ್ದಳು.

“ಮಿಸ್, ಒಂದ್ ಸಲ ಬಾಗ್ಲು ತಗೀರಿ ಮಿಸ್. ನಿಜವಾದ್ರ ಮೇಲೆ ನನ್ನೆಸ್ರು ಹೊಡೀತೀನಿ.”

“ಕೆಟ್ರೆ ಯಾರೇ ಉತ್ತರ ಕೊಡೋದು?”

“ಕೆಡ್ಸಾಕಿಲ್ಲ ಮಿಸ್. ಒಂದೇ ಸಲ.”

ಮುಂದೆ ನಡೆದದ್ದನ್ನು ನಾನು ಹದಿನೆಂಟು ಇಪ್ಪತ್ತು ವರ್ಷ ಹೇಳಿಕೊಂಡು ಬಂದಿದ್ದೇನೆ. ಅದು ಹೀಗಿದೆ. ಒಂದು ಗುರುವಾರ, ಪರೀಕ್ಷೆ ರಜೆ ಶುರುವಾಗುವ ಮುಂಚೆ, ಹೆಡ್‌ಮಾಸ್ಟ್ರು ಊರಲ್ಲಿಲ್ಲದಾಗ, ಏನಾದರಾಗಲಿ ಎಂದು ನಾನು ಬೀಗ ತೆಗೆದೆ. ಗಂಗಳನ್ನು ಕೂರಿಸಿದೆ. ಅವಳು ಒಂದೊಂದೇ ಅಕ್ಷರ ಒತ್ತಿ ತನ್ನ ಹೆಸರು ಬರೆದಳು. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು. ಅವಳು ನಕ್ಕಳು.

ತುಮಕೂರಿಗೆ ಬಂದ ಮೇಲೆ ಈ ಕಥೆ ನನಗೆ ಬಹಳ ಉಪಯೋಗಕ್ಕೆ ಬಂತು. ತಂತ್ರಜ್ಞಾನವನ್ನು ಗಣಿತ, ವಿಜ್ಞಾನದ ಸಾಲಿಗೆ ಸೇರಿಸಬೇಕೇ, ಅಂಕ ಕೊಟ್ಟು ಪರೀಕ್ಷೆ ಮಾಡಬೇಕೇ ಎಂದು ಶಿಕ್ಷಕರ ಸಭೆಗಳಲ್ಲಿ ಮಾತು ಬಂದಾಗಲೆಲ್ಲ ನಾನು ಎದ್ದು ಹೌದು ಎನ್ನುತ್ತಿದ್ದೆ. ಅಂಕವಿದ್ದರೆ ನಮ್ಮ ಪೀರಿಯಡ್ ಯಾರೂ ಕಿತ್ತುಕೊಳ್ಳುವುದಿಲ್ಲ ಎನ್ನುತ್ತಿದ್ದೆ. ಆಮೇಲೆ ಗಂಗಳ ಕಥೆ. ಚಪ್ಪಾಳೆ ಬೀಳುತ್ತಿತ್ತು. ಹೇಳುತ್ತಾ ಹೇಳುತ್ತಾ ಕಥೆ ಬೆಳೆಯಿತು. ಒಂದು ಸಭೆಯಲ್ಲಿ ಗಂಗಳ ಕಣ್ಣಲ್ಲಿ ನೀರು ಬಂತು. ಇನ್ನೊಂದರಲ್ಲಿ ಅವಳು ಓಡಿಬಂದು ನನ್ನನ್ನು ತಬ್ಬಿಕೊಂಡಳು.

ತುಮಕೂರಿನ ಆ ಶಾಲೆಯಲ್ಲಿ ನಮ್ಮ ಮಟ್ಟಿಗೆ ಕಂಪ್ಯೂಟರಿಗೆ ಐವತ್ತು ಅಂಕದ ಪರೀಕ್ಷೆ ಮಾಡಿಯೂ ನೋಡಿದೆವು. ಪ್ರಶ್ನೆಪತ್ರಿಕೆ ತೆಗೆದವಳು ನಾನೇ. ‘ಮೌಸ್‌ನ ಎರಡು ಉಪಯೋಗಗಳನ್ನು ಬರೆಯಿರಿ.’ ‘ಕಂಪ್ಯೂಟರಿನ ಚಿತ್ರ ಬಿಡಿಸಿ ಭಾಗಗಳನ್ನು ಗುರುತಿಸಿ.’ ಮೌಸ್ ಹಿಡಿಯದ ಮಕ್ಕಳು ನಲವತ್ತೆಂಟು, ನಲವತ್ತೊಂಬತ್ತು ತೆಗೆದರು. ನಾನು ಬಯಸಿದ ಹಾಗೆ ಯಾರೂ ನನ್ನ ಪೀರಿಯಡ್ ಕೇಳಲಿಲ್ಲ. ಆ ಪೀರಿಯಡ್ಡಿನಲ್ಲಿ ನಾನು ನೋಟ್ಸ್ ಬರೆಸಿದೆ. ಆ ಕೋಣೆಗೂ ಬೀಗವಿತ್ತು. ಪೋರ್ಷನ್ ಮುಗಿಸುವುದರಲ್ಲಿ ತೆಗೆಯಲು ಪುರುಸೊತ್ತಾಗಲಿಲ್ಲ.

ನಿವೃತ್ತಿಯಾದ ಮೇಲೆ ಕಳೆದ ವರ್ಷ ಹಿರೇಹಳ್ಳಿ ಕಡೆಯ ಆ ಶಾಲೆಗೆ ಪೋಷಕರ ಸಭೆಗೆ ಕರೆದಿದ್ದರು. ವಿಷಯ ಅದೇ: ಕಂಪ್ಯೂಟರನ್ನು ಮುಖ್ಯ ವಿಷಯ ಮಾಡಬೇಕೋ ಬೇಡವೋ. ಪೋಷಕರಿಗೆಲ್ಲ ಒಂದೊಂದು ಹಾಳೆ ಕೊಟ್ಟು ಅಭಿಪ್ರಾಯ ಬರೆಸಿಕೊಳ್ಳುತ್ತಿದ್ದರು. ಒಬ್ಬ ತಂದೆ ಎದ್ದು, “ಮನೇಲಿ ಮಗನ ಕೈಯಿಂದ ಫೋನ್ ಕಿತ್ಕೊಳ್ಳೋದ್ರಲ್ಲೇ ನಮ್ ಆಯಸ್ಸು ಹೋಯ್ತು, ನೀವು ಇಸ್ಕೂಲಲ್ಲೂ ಅದ್ನೇ ಹೇಳ್ಕೊಡ್ತೀವಿ ಅಂತೀರಲ್ಲ ಮೇಡಂ” ಎಂದ. ಎಲ್ಲರೂ ನಕ್ಕರು. ನಾನು ಮೈಕ್ ಹಿಡಿದು ಗಂಗಳ ಕಥೆ ಹೇಳಿದೆ. ಊರಿನ ಹೆಸರು, ಅವಳ ಪೂರ್ತಿ ಹೆಸರು ಸಮೇತ.

ಸಭೆ ಮುಗಿದು ಟೀ ಕೊಡುತ್ತಿದ್ದಾಗ ಕಾರ್ಖಾನೆಯ ನೀಲಿ ಕೋಟು ಹಾಕಿದ್ದ ಒಬ್ಬ ಹೆಂಗಸು ಜಗಲಿಯ ಕಂಬದ ಹತ್ತಿರ ಬಂದು ನನ್ನ ಕಾಲು ಮುಟ್ಟಿದಳು.

“ಗೊತ್ತಾಯ್ತಾ ಮಿಸ್? ಗಂಗ. ನನ್ ಮಗ್ಳು ಇಲ್ಲೇ ಎಂಟ್ನೇ ಕ್ಲಾಸು.”

ನನಗೆ ಎಷ್ಟು ಸಂತೋಷವಾಯಿತೆಂದರೆ ಎರಡು ಮಾತು ತೊದಲಿದೆ. “ಅಯ್ಯೋ, ಅಲ್ಲೇ ಎದ್ದು ನಿಂತ್ಕೊಂಡು ಹೇಳ್ಬಾರ್ದಿತ್ತೇನೇ, ಅದು ನಾನೇ ಅಂತ?”

“ಅದು ನಾನಲ್ಲ ಮಿಸ್.”

“ನೀನೇ ಕಣೇ. ಆ ಗುರುವಾರ ಬಾಗಿಲು ತೆಗೆದಿರ್ಲಿಲ್ವಾ ನಾನು?”

“ಬೀಗದ ಕೈ ಹಿಡ್ಕೊಂಡು ಕ್ಲಾಸಿನ ಬಾಗ್ಲಿಗೆ ಬಂದ್ರಿ. ನಾನು ಎದ್ದೂ ನಿಂತಿದ್ದೆ. ಅಷ್ಟೊತ್ಗೆ ರಂಗಸ್ವಾಮಿ ಮೇಷ್ಟ್ರು ಗಣಿತದ ಪುಸ್ತಕ ಹಿಡ್ಕೊಂಡು ಬಂದ್ರು, ಪೀರಿಯಡ್ ಕೊಡಿ ಅಂದ್ರು. ‘ಮುಂದಿನ ವಾರ ಕಣೇ’ ಅಂದ್ಬಿಟ್ಟು ಹೋದ್ರಿ. ಮುಂದಿನ ವಾರ ಪರೀಕ್ಷೆ ರಜಾ ಕೊಟ್ರು.”

ಅವಳೇ ಮುಂದುವರಿಸಿದಳು. ಅವಳ ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು.

“ಪಾಸಾದ್ಮೇಲೆ ಮಾವ ಇಲ್ಲಿ ಫ್ಯಾಕ್ಟ್ರಿಗೆ ಕರ್ಕೊಂಡ್ ಬಂದ. ಸ್ಟೋರಲ್ಲಿ ಕಂಪ್ಯೂಟ್ರು ಮುಂದೆ ಕೂರೋ ಕೆಲ್ಸ. ‘ಬರುತ್ತೇನಮ್ಮ?’ ಅಂದ್ರು. ‘ಬರುತ್ತೆ ಸಾರ್, ನಮ್ ಮಿಸ್ ಹೇಳ್ಕೊಟ್ಟವ್ರೆ’ ಅಂದೆ. ‘ನಿನ್ ಹೆಸ್ರು ಹೊಡಿ’ ಅಂದ್ರು. ಎಸ್ ಮೇಲೆ ಬೆರಳಿಟ್ಟು ಒತ್ತಿ ಹಿಡ್ಕೊಂಡೆ, ನೀವು ಹೇಳ್ಕೊಟ್ಟಂಗೆ. ನೋಡ್ತೀನಿ ಮಿಸ್, ಸಾಲ್ ತುಂಬಾ ಎಸ್ಸು! ನಿಲ್ತಾನೇ ಇಲ್ಲ. ಕೆಡಿಸ್ಬಿಟ್ಟೆ ಅನ್ಕೊಂಡೆ. ‘ಬೆರಳ್ ತೆಗಿಯಮ್ಮ’ ಅಂತ ಕೂಗ್ತಾವ್ರೆ, ನಾನು ಭಯಕ್ಕೆ ಇನ್ನೂ ಗಟ್ಟಿಯಾಗಿ ಒತ್ತಿ ಹಿಡ್ಕೊಂಡಿವ್ನಿ.”

ಇಲ್ಲಿ ಅವಳು ನಕ್ಕಳು. ನಾನು ಸಭೆಗಳಲ್ಲಿ ವರ್ಣಿಸಿದ ನಗುವಲ್ಲ.

“ಆಮೇಲೆ ಎದ್ದು ನಿಂತು ಕೈಮುಗ್ದೆ. ‘ತಪ್ಪಾಯ್ತು ಸಾರ್, ಕೆಟ್ಟೋಗಿದ್ರೆ ನಮ್ಮಪ್ಪನ್ನ ಕರ್ಕೊಂಡ್ ಬತ್ತೀನಿ’ ಅಂದೆ. ಅಲ್ಲಿದ್ದೋರೆಲ್ಲ ನಕ್ಕೂ ನಕ್ಕೂ... ಪ್ಯಾಕಿಂಗಿಗೆ ಹಾಕುದ್ರು. ಇವತ್ಗೂ ಪ್ಯಾಕಿಂಗೇ. ಅವತ್ತು ನನ್ ಹಿಂದೆ ನಿಂತಿದ್ದ ಹುಡ್ಗಿ ಈಗ ಸ್ಟೋರಿಗೆ ಇನ್‌ಚಾರ್ಜು. ನಾನು ಕಟ್ಟಿದ ಡಬ್ಬ ಅವ್ಳೇ ಚೆಕ್ ಮಾಡೋದು.”

“ನೀನು ಆಮೇಲೆ ಕಲಿತುಕೊಂಡು ಇನ್ನೊಂದ್ ಸಲ ಹೋಗಬಹುದಿತ್ತಲ್ಲೇ” ಎಂದೆ. ಎಂದ ಕೂಡಲೇ ನಾಚಿಕೆಯಾಯಿತು.

“ಆ ಕಡೆ ಬಾಗ್ಲಿಗೇ ಹೋಗ್ಲಿಲ್ಲ ಮಿಸ್ ಆಮೇಲೆ. ಫೋನೆಲ್ಲ ಬರುತ್ತೆ ಈಗ. ಅದು ಬೇರೆ ಬುಡಿ.”

ಅಭಿಪ್ರಾಯದ ಹಾಳೆಯಲ್ಲಿ ಏನು ಬರೆದೆ ಎಂದು ಅವಳನ್ನು ಕೇಳಿದೆ. “ವಿಷಯ ಮಾಡೋದು ಬುಡೋದು ನಿಮ್ಗೆ ಗೊತ್ತು. ನಾನು, ಮಕ್ಕಳ ಕೈಗೆ ಕೊಡಿ, ಕೆಟ್ರೆ ಕೆಡ್ಲಿ ಅಂತ ಬರ್ದೆ” ಎಂದಳು. ಅವಳ ಶಿಫ್ಟಿಗೆ ಹೊತ್ತಾಗಿತ್ತು.

ಬಸ್ಸಿನಲ್ಲಿ ತುಮಕೂರಿಗೆ ಬರುವಾಗ ಅವಳೇ ಮರೆತಿರಬೇಕು ಎಂದುಕೊಂಡೆ. ನನಗೆ ಆ ಪರದೆ ಅಷ್ಟು ಸ್ಪಷ್ಟವಾಗಿ ನೆನಪಿದೆ. ಕಪ್ಪು, ಬಿಳಿ ಅಕ್ಷರ, ಎಡಗಡೆಯ ಕಿಟಕಿಯ ಬೆಳಕು ಅದರ ಮೂಲೆಯಲ್ಲಿ ಬಿದ್ದದ್ದು. ಇಲ್ಲದ್ದು ಇಷ್ಟು ಚೆನ್ನಾಗಿ ಹೇಗೆ ನೆನಪಿರುತ್ತದೆ?

ಮೂರು ನಾಲ್ಕು ದಿನ ಇದೇ ಯೋಚನೆ. ಆಮೇಲೆ ಒಂದು ಮಧ್ಯಾಹ್ನ, ಬೇಳೆ ಆರಿಸುತ್ತಾ ಕೂತಿದ್ದಾಗ, ಆ ನೆನಪನ್ನು ಒಂದು ಫೋಟೋ ನೋಡುವಂತೆ ನೋಡಿದೆ. ಗಂಗ ಕುರ್ಚಿಯಲ್ಲಿ ಕೂತು ನಾನು ಹಿಂದೆ ನಿಂತಿದ್ದರೆ ನನಗೆ ಮೊದಲು ಕಾಣಬೇಕಾದದ್ದು ಅವಳ ತಲೆ. ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ, ಕೆಂಪು ಟೇಪು. ನನ್ನ ನೆನಪಿನಲ್ಲಿ ಪರದೆಯ ಮುಂದೆ ಯಾವ ತಲೆಯೂ ಇಲ್ಲ. ಪರದೆ ನನ್ನ ಮುಖದ ಮಟ್ಟಕ್ಕೆ ಇದೆ. ಕೀಬೋರ್ಡಿನ ಮೇಲೆ ಎರಡು ಬಳೆ ಹಾಕಿದ ಕೈ ಇದೆ. ಶಾಲೆಗೆ ಬಳೆ ಹಾಕಿಕೊಂಡು ಬರುತ್ತಿದ್ದವಳು ನಾನು.

ರಂಗಸ್ವಾಮಿ ಮೇಷ್ಟ್ರಿಗೆ ಪೀರಿಯಡ್ ಕೊಟ್ಟ ಮೇಲೆ ನನಗೆ ಮುಕ್ಕಾಲು ಗಂಟೆ ಬಿಡುವಿತ್ತು, ಕೈಯಲ್ಲಿ ಬೀಗದ ಕೈ ಇತ್ತು, ಹೆಡ್‌ಮಾಸ್ಟ್ರು ಇರಲಿಲ್ಲ. ಒಳಗೆ ಹೋಗಿ ಚಿಲಕ ಹಾಕಿಕೊಂಡು, ಹೊದಿಕೆ ತೆಗೆದು ಕೂತವಳು ನಾನು. ಎಸ್ ಮೇಲೆ ಬೆರಳಿಟ್ಟು ಒತ್ತಿ ಹಿಡಿದೆ, ಮಕ್ಕಳಿಗೆ ಹೇಳಿಕೊಟ್ಟ ಹಾಗೆಯೇ. ನನ್ನ ಎಸ್ ಕೂಡ ಸಾಲುಗಟ್ಟಿ ಓಡಿತು. ಬೆರಳು ತೆಗೆದೆ, ನಿಂತಿತು. ಅಳಿಸಿ, ಮುಟ್ಟಿದ ತಕ್ಷಣ ಬೆರಳೆತ್ತುತ್ತಾ ಹೋದೆ. ಗಂಗಳ ಹೆಸರು ಸರಿಯಾಗಿ ಬಂತು. ನಕ್ಕವಳು ನಾನೇ.

ಅಂದರೆ ನಾನು ಕಲಿಸಿದ್ದು ತಪ್ಪು ಎಂದು ಅವತ್ತೇ ಗೊತ್ತಾಗಿತ್ತು. ಮುಂದಿನ ವಾರ ಹೇಳೋಣ ಎಂದುಕೊಂಡಿರಬೇಕು. ಮುಂದಿನ ವರ್ಷದ ಮಕ್ಕಳಿಗೆ ಹೇಳಿದೆನೇ? ಹೇಳಿದ್ದರೆ ನೆನಪಿರಬೇಕಿತ್ತು. ಗಂಗ ಹೇಳಿದ ಮಾತು ಕೇಳಿ ಈಗ ಇದನ್ನೆಲ್ಲ ಕಟ್ಟಿಕೊಂಡೆನೇ ಎಂದೂ ಕೇಳಿಕೊಂಡೆ. ಇರಬಹುದು. ಆ ಬಳೆ ಮಾತ್ರ ನಾನು ಕಟ್ಟಿದ್ದಲ್ಲ.

ಹೊಸದಾಗಿ ಬರುವವರೇ, ಮುಖ್ಯ ವಿಷಯ ಮಾಡಿದರೆ ನಿಮಗೆ ಪೀರಿಯಡ್ ಉಳಿಯುತ್ತದೆ, ಪುಸ್ತಕ ಬರುತ್ತದೆ, ಅಂಕ ಬರುತ್ತದೆ. ಅದು ಬೇಡ ಎಂದು ಹೇಳುವ ಯೋಗ್ಯತೆ ನನಗಿಲ್ಲ. ಮುಂದಿನ ಸಭೆಯಲ್ಲಿ ಹೌದು ಎಂದು ಕೈಯೆತ್ತುವ ಧೈರ್ಯವೂ ಇಲ್ಲ. ನನಗೆ ಗೊತ್ತಿರುವುದು ಇದಿಷ್ಟೇ.

ಒಂದು ಭಾನುವಾರ ಗಂಗಳ ಮನೆ ಹುಡುಕಿಕೊಂಡು ಹೋದೆ. ಹೊರಬಾಗಿಲ ಮೆಟ್ಟಿಲ ಮೇಲೆ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದಳು. ಚಾಪೆ ತರಲು ಎದ್ದವಳನ್ನು ಕೂರಿಸಿ, ಪಕ್ಕದಲ್ಲೇ ಕೂತು ಎಲ್ಲ ಹೇಳಿದೆ. ಒಳಗೆ ಹೋದದ್ದು, ಚಿಲಕ, ಎಸ್ ಓಡಿದ್ದು, ಆಮೇಲೆ ಅವಳ ಹೆಸರು ಹೊಡೆದದ್ದು.

ಅವಳ ಕೈ ನಿಂತಿತು.

“ಹಂಗಾದ್ರೆ ನಿಮ್ಗೆ ಗೊತ್ತಿತ್ತು.”

“ಗೊತ್ತಿತ್ತು.”

“ಬೆರಳು ಎತ್ತಬೇಕು ಅಂತ ಒಂದ್ ಮಾತು. ರಜಾದಲ್ಲಿ ಎರಡ್ ಸಲ ನಿಮ್ನ ಕುಣಿಗಲ್ ಬಸ್ ಸ್ಟ್ಯಾಂಡಲ್ಲಿ ನೋಡಿದ್ದೆ. ಮಾತಾಡ್ಸಿದ್ದೆ.”

ಅದು ನನಗೆ ನೆನಪಿರಲಿಲ್ಲ. ಈಗಲೂ ಇಲ್ಲ.

ಅವಳು ಮತ್ತೆ ಸುಲಿಯತೊಡಗಿದಳು. ನಾನೂ ಒಂದು ಹಿಡಿ ಕಾಯಿ ತೆಗೆದುಕೊಂಡೆ.

“ಪೂರ್ತಿ ಹೆಸ್ರು ಹೊಡುದ್ರಾ ಮಿಸ್, ಇಲ್ಲ ಬರೀ ಗಂಗ ಅಂತಲಾ?”

“ಪೂರ್ತಿ.”

“ಹೆಂಗ್ ಕಾಣ್ತಿತ್ತು?”

“ಉದ್ದಕ್ಕೆ. ಎರಡು ಡಿ ಪಕ್ಕಪಕ್ಕ, ಕೊನೇಲಿ ಎರಡು ಎಂ. ಚೆನ್ನಾಗಿತ್ತು.”

ಆ ಅಕ್ಷರಗಳನ್ನು ಒಂದೊಂದಾಗಿ ಜೋಡಿಸಿಕೊಳ್ಳುತ್ತಿರುವಂತೆ ಅವಳು ಕಣ್ಣು ಮುಚ್ಚಿಕೊಂಡಳು.

“ಆಮೇಲೆ?”

“ಅಳಿಸಿಬಿಟ್ಟೆ” ಎಂದೆ. “ಯಾರಾದ್ರೂ ನೋಡ್ತಾರೆ ಅಂತ.”